ಅಂಚಿನಿಂದ ಹೊಟ್ಟೆಯವರೆಗೆ: ಹಿರಿಯರ ಬಟ್ಟೆಯಲ್ಲಿ ಒಂದು ಸಿದ್ದಿ ಕೌದಿ

ಗಂಟು ಬಿಚ್ಚಿದಾಗ ಸಿಕ್ಕಿದ್ದು ಇಷ್ಟು: ಮೂರು ಹತ್ತಿ ಸೀರೆ, ಎರಡು ಚೌಕುಳಿ ಲುಂಗಿ, ಕಾಲರ್ ಸವೆದ ಬಿಳಿ ಅಂಗಿ, ಖಾಕಿ ಚಡ್ಡಿ, ಮಗುವಿನದೊಂದು ಕೆಂಪು ಅಂಗಿ, ಮತ್ತೆ ಯಾರದೆಂದು ಮನೆಯಲ್ಲಿ ಯಾರಿಗೂ ಹೇಳಲಾಗದ ಒಂದು ಹಸಿರು ರವಿಕೆ. ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮನೆಯೊಂದಕ್ಕೆ, ತೀರಿಹೋದ ಎರಡು ತಲೆಮಾರಿನವರ ಬಟ್ಟೆಯಲ್ಲಿ ಐದಡಿ ಅಗಲ, ಏಳಡಿ ಉದ್ದದ ಕೌದಿ ಹೊಲಿಯಬೇಕಿತ್ತು. ಸಿದ್ದಿ ಹೆಂಗಸರ ಬಾಯಲ್ಲಿ ಅದು ಕವಂದಿ. ಗಂಟು ಬಿಚ್ಚಿದ ದಿನದಿಂದ ಮೊದಲ ಸಲ ಒಗೆದು ಹಾಕಿದ ದಿನದವರೆಗೆ ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನು ಬರೆದಿಡುತ್ತಿದ್ದೇವೆ. ಮನೆಯಲ್ಲಿ ಹೀಗೆ ಗಂಟು ಕಟ್ಟಿಟ್ಟುಕೊಂಡವರು ಇನ್ನೂ ಇದ್ದಾರು.

ಕೌದಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಇದೆ. ಇದು ಸಿದ್ದಿಗಳದ್ದು ಮಾತ್ರ ಎಂದು ಯಾರೂ ಹೇಳುವುದಿಲ್ಲ. ಆದರೆ ಇವರಿಗೆ ಇದು ಯಾಕೆ ಬೇರೆಯೇ ಆಗಿ ಮುಖ್ಯ ಎಂದು ತಿಳಿಯದೆ ಸೂಜಿ ಹಿಡಿದರೆ ಕೌದಿ ಬರೀ ಹೊದಿಕೆಯಾಗುತ್ತದೆ. ಹೆಚ್ಚಾಗಿ, ಆಫ್ರಿಕಾದಿಂದ ಅರಬ್ಬರು, ಪೋರ್ಚುಗೀಸರು ಹಡಗಿನಲ್ಲಿ ತಂದ ಗುಲಾಮರ ವಂಶದವರು ಇವರು. ಬಹಳಷ್ಟು ಮಂದಿಯ ಹಿರಿಯರು ಗೋವೆಯಿಂದ ಘಟ್ಟ ಹತ್ತಿ ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಯ ಕಾಡಂಚಿನಲ್ಲಿ ನೆಲೆಯಾದರು. ಬಂದವರ ಮೂಲ ಹೆಸರು ದಫ್ತರದಲ್ಲಿ ಸಿಗುವುದು ಅಪರೂಪ. ದೀಕ್ಷೆ ಕೊಟ್ಟ ಪಾದ್ರಿ ಇಟ್ಟ ಪೋರ್ಚುಗೀಸ್ ಹೆಸರು ಕೆಲವರಿಗೆ ಉಳಿಯಿತು, ಉಳಿದವರಲ್ಲಿ ಅನೇಕರಿಗೆ ಶಾಲೆಯ ರಿಜಿಸ್ಟರಿನಲ್ಲಿ ಅಡ್ಡಹೆಸರೇ ‘ಸಿದ್ದಿ’ ಆಯಿತು. ತಂದ ಭಾಷೆಯೂ ಉಳಿಯಲಿಲ್ಲ. ಮನೆಯಲ್ಲಿ ಆಡುವುದು ಹೆಚ್ಚಾಗಿ ತಮ್ಮದೇ ಧಾಟಿಯ ಕೊಂಕಣಿ, ಹೊರಗೆ ಕನ್ನಡ. ಮೈಬಣ್ಣ, ಗುಂಗುರು ಕೂದಲು ನೋಡಿ ಬಸ್ಸಿನಲ್ಲಿ ‘ಯಾವ ದೇಶ?’ ಎಂದು ಕೇಳುವವರಿಗೆ ಇಂದಿಗೂ ಬರವಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ವಿಧಾನಮಂಡಲದಲ್ಲಿ ಮೊದಲ ಸಿದ್ದಿ ಸದಸ್ಯರಾಗಿ ಶಾಂತಾರಾಮ ಸಿದ್ದಿ ಕೂತದ್ದು 2020ರಲ್ಲಿ. ಹೆಸರು, ಭಾಷೆ ಎರಡೂ ಕೈಬಿಟ್ಟ ಮೇಲೆ ಹಿರಿಯರನ್ನು ಹಿಡಿದಿಟ್ಟುಕೊಳ್ಳಲು ಉಳಿದದ್ದು ಕೈಕೆಲಸ, ಕುಣಿತ, ಪೂಜೆ. ಹಿಂದೂ ಸಿದ್ದಿಗಳ ಮನೆಯಲ್ಲಿ ಹಿರಿಯರು ತೆಂಗಿನಕಾಯಿಯಾಗಿ ಕೂತಿರುತ್ತಾರೆ. ಕ್ರೈಸ್ತ ಸಿದ್ದಿಗಳು ನವೆಂಬರ್ 2ರಂದು ಸತ್ತವರ ಹಬ್ಬ ಮಾಡುತ್ತಾರೆ. ಮುಸ್ಲಿಂ ಸಿದ್ದಿಗಳದ್ದು ಬೇರೆ ಕ್ರಮ. ಕೌದಿ ಮಾತ್ರ ಮೂರೂ ಕಡೆ ಒಂದೇ. ಮೇಲೆ ಹೊಲಿದ ತುಂಡು ಶಿಲುಬೆಯೋ ಅರ್ಧಚಂದ್ರವೋ ಎಂಬಲ್ಲಿ ಮನೆಯ ಗುರುತು ಕಾಣುತ್ತದೆ, ಅಷ್ಟೇ.

ಮೊದಲ ಕೆಲಸ ಸೂಜಿಯದಲ್ಲ, ಮಾತಿನದು. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಲ್ಲರಿಗೂ ಸರಿಬರುವುದಿಲ್ಲ. ಕೆಲವರು ಸುಡುತ್ತಾರೆ, ಕೆಲವರು ದಾನ ಕೊಡುತ್ತಾರೆ. ಮನೆಯ ಹಿರಿ ಹೆಂಗಸಿನ ಒಪ್ಪಿಗೆ ಇಲ್ಲದೆ ಕತ್ತರಿ ಮುಟ್ಟಬಾರದು. ಒಪ್ಪಿಗೆ ಸಿಕ್ಕ ಮೇಲೆ ಒಂದೊಂದೇ ಬಟ್ಟೆ ಎತ್ತಿ, ಯಾರದ್ದು, ಎಲ್ಲಿ ಉಡುತ್ತಿದ್ದರು ಎಂದು ಕೇಳಿ, ಬಿಳಿ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಪಿನ್ನು ಚುಚ್ಚಬೇಕು. ಬಾಲ್‌ಪೆನ್ ಬೇಡ, ಒಗೆದಾಗ ಶಾಯಿ ಹರಡುತ್ತದೆ. ಹಸಿರು ರವಿಕೆಯ ಪಟ್ಟಿ ಖಾಲಿ ಉಳಿಯಿತು.

ಮಳೆಗಾಲದಲ್ಲಿ ಶುರು ಮಾಡಬೇಡಿ. ಘಟ್ಟದ ಮೇಲೆ ಜುಲೈಯಲ್ಲಿ ತೊಳೆದ ಬಟ್ಟೆ ನಾಲ್ಕು ದಿನವಾದರೂ ಹಸಿ ಬಿಡುವುದಿಲ್ಲ. ಆ ಹಸಿಯ ಮೇಲೆ ಆರು ಪದರ ಹೊಲಿದರೆ ಒಳಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಏಳುತ್ತದೆ, ಆಮೇಲೆ ಯಾವ ಸೋಪಿಗೂ ಹೋಗುವುದಿಲ್ಲ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಎಲ್ಲ ಬಟ್ಟೆಯನ್ನೂ ಒಗೆದು, ಒಂದು ಪೂರ್ತಿ ದಿನ ಬಿಸಿಲಿಗೆ ಹಾಕಿ, ಆಮೇಲೆ ಆರಿಸಬೇಕು.

ಆರಿಸುವುದು ಎಂದರೆ ಬಿಡಬೇಕಾದ್ದನ್ನು ಬಿಡುವುದು. ಹೆಣೆದ ಬಟ್ಟೆ, ಅಂದರೆ ಟೀ ಶರ್ಟು, ಬನಿಯನ್ ಹಾಕಿದರೆ ಸೂಜಿ ಎಳೆದ ಕಡೆ ಹಿಗ್ಗಿ ಅಲೆ ಬರುತ್ತದೆ. ಪಾಲಿಯೆಸ್ಟರ್ ಕುಗ್ಗದು, ಹತ್ತಿ ಕುಗ್ಗುತ್ತದೆ. ಎರಡನ್ನೂ ಪಕ್ಕಪಕ್ಕ ಹೊಲಿದರೆ ಮೂರನೆಯ ಒಗೆತಕ್ಕೆ ಪಾಲಿಯೆಸ್ಟರ್ ತುಂಡು ಹಪ್ಪಳದ ಹಾಗೆ ಉಬ್ಬಿ ನಿಲ್ಲುತ್ತದೆ. ಜರಿ ಇರುವ ಅಂಚು ಚೆಂದ, ಆದರೆ ಜರಿಯ ತಂತಿ ದಾರವನ್ನೇ ಕೊಯ್ಯುತ್ತದೆ. ಅಜ್ಜಿಯ ಸೀರೆ ಎಂದು ಇಡೀ ಸೀರೆಯನ್ನು ನಂಬಬೇಡಿ. ಕೂರುವ ಜಾಗ, ನೆರಿಗೆಯ ಕೆಳಗಿನ ಹಾಸು ಸವೆದಿರುತ್ತವೆ; ಒಳಸೆರಗು ಮತ್ತು ಅಂಚು ಗಟ್ಟಿ ಇರುತ್ತವೆ. ಕಿಟಕಿಗೆ ಹಿಡಿದು ನೋಡಿ. ನೇಯ್ಗೆಯ ನಡುವೆ ಬೆಳಕು ಸೂಜಿಮೊನೆಯಷ್ಟು ಕಂಡರೆ ಸರಿ. ಸಾಸಿವೆಯಷ್ಟು ಕಂಡರೆ ಅದು ಮೇಲಿನ ತೇಪೆಗೆ ಆಗದು, ಒಳಪದರಕ್ಕೆ ಹಾಕಿ. ಖಾಕಿ ಚಡ್ಡಿಯ ಬಟ್ಟೆ ದಪ್ಪ. ಅದನ್ನು ಅಂಚಿನಿಂದ ದೂರ, ಒಂಟಿ ತುಂಡಾಗಿ ಹಾಕಿದರೆ ಮಾತ್ರ ಸೂಜಿ ಇಳಿಯುತ್ತದೆ.

ಕೆಂಪು ಬಟ್ಟೆಯಲ್ಲಿ ನಾವು ಎಡವಿದೆವು. ಮಗುವಿನ ಅಂಗಿ ಹೆಚ್ಚು ಒಗೆಯದ ಬಟ್ಟೆ, ಬಣ್ಣ ಇನ್ನೂ ಬಿಡುತ್ತಿತ್ತು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಕೂರುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಬಿಡುವ ಬಣ್ಣ ಉಪ್ಪಿಗೆ ಹೆದರುವುದಿಲ್ಲ. ಬಿಸಿ ನೀರಿನಲ್ಲಿ ಬೇರೆಯಾಗಿ ಒಗೆದು, ಒದ್ದೆ ಬಟ್ಟೆಯನ್ನು ಬಿಳಿ ಚಿಂದಿಯ ಮೇಲಿಟ್ಟು ಒತ್ತಿ ನೋಡಬೇಕು. ಚಿಂದಿಗೆ ಗುಲಾಬಿ ಹತ್ತಿದರೆ ಮತ್ತೆ ಒಗೆಯಬೇಕು. ಆ ಅಂಗಿಗೆ ಐದು ನೀರು ಬೇಕಾಯಿತು. ಮೂರಕ್ಕೇ ನಿಲ್ಲಿಸಿ ಬಿಳಿ ಅಂಗಿಯ ತುಂಡಿನ ಪಕ್ಕ ಇಟ್ಟಿದ್ದರ ಗುರುತು ಆ ಬಿಳಿಯ ಮೂಲೆಯಲ್ಲಿ ಇಂದಿಗೂ ಇದೆ.

ಹಾಸು ಎಂದರೆ ಕೌದಿಯ ತಳ. ಮೂರು ಸೀರೆಯಲ್ಲಿ ಗಟ್ಟಿಯಾದದ್ದನ್ನು ಅದಕ್ಕೆ ತೆಗೆದುಕೊಂಡೆವು. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ, ಎರಡು ತುಂಡನ್ನೂ ಉದ್ದಕ್ಕೆ ಜೋಡಿಸಿದರೆ ಸುಮಾರು ಏಳೂವರೆ ಅಡಿ ಅಗಲ, ಒಂಬತ್ತಡಿ ಉದ್ದದ ಬಟ್ಟೆಯಾಗುತ್ತದೆ. ಸುತ್ತ ಒಂದೂವರೆ ಇಂಚು ಮಡಿಕೆಗೆ ಬಿಟ್ಟು 63 ಇಂಚು ಅಗಲ, 87 ಇಂಚು ಉದ್ದಕ್ಕೆ ಕತ್ತರಿಸಬೇಕು. ಜೋಡಿಸಿದ ಹೊಲಿಗೆ ನಡುಮಧ್ಯಕ್ಕೆ ಬರದ ಹಾಗೆ ನೋಡಿ, ಕೊನೆಯಲ್ಲಿ ಹೊಟ್ಟೆಯ, ಅಂದರೆ ನಡುವಿನ, ತೇಪೆ ಬೀಳುವುದು ಅಲ್ಲೇ. ಉಳಿದ ಪಟ್ಟಿ ಒಳಪದರಕ್ಕೆ. ಅರಳೆ ತುಂಬುವ ಪದ್ಧತಿ ಇಲ್ಲ, ಬಟ್ಟೆಯ ಮೇಲೆ ಬಟ್ಟೆಯೇ ದಪ್ಪ ಕೊಡಬೇಕು.

ಇಲ್ಲಿಂದ ಮುಂದೆ ಸಿದ್ದಿ ಕೌದಿಯ ದಾರಿ ಬೇರೆ. ಬೇರೆ ಕಡೆ ತುಂಡುಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಮೇಲ್ಹಾಸು ಮಾಡುತ್ತಾರೆ, ಆಮೇಲೆ ಅದನ್ನು ಕೆಳಹಾಸಿನ ಮೇಲೆ ಹಾಕಿ ಒಟ್ಟಿಗೆ ಹೊಲಿಯುತ್ತಾರೆ. ಇಲ್ಲಿ ಆ ಎರಡು ಕೆಲಸವೂ ಒಂದೇ. ತೇಪೆ ಇಡುವುದು, ಪದರಗಳನ್ನು ಕೂಡಿಸುವುದು ಒಂದೇ ಸೂಜಿಯ ಓಟದಲ್ಲಿ ಆಗುತ್ತದೆ. ಮೂಲೆಯಲ್ಲಿ ಶುರುವಾಗಿ, ಅಂಚಿನ ಉದ್ದಕ್ಕೂ ಹೋಗಿ, ನಾಲ್ಕೂ ಸುತ್ತು ಬಂದು, ಒಳಗೊಳಗೆ ಸುತ್ತುತ್ತ ನಡುವಿನಲ್ಲಿ ಮುಗಿಯುತ್ತದೆ. ಅಳತೆಪಟ್ಟಿ ಇಲ್ಲ, ಮೊದಲೇ ಬರೆದ ನಕ್ಷೆ ಇಲ್ಲ. ಮುಂದಿನ ತುಂಡು ಯಾವುದು ಎಂಬುದನ್ನು ಹಿಂದಿನ ತುಂಡು ಹಾಕಿದ ಮೇಲೆ ತೀರ್ಮಾನಿಸುತ್ತಾರೆ.

ಕ್ರಮ ಹೀಗೆ. ಹಾಸಿನ ಅಂಚನ್ನು ಒಳಕ್ಕೆ ಮಡಿಸಿ. ಒಂದು ಅಂಗೈ ಅಗಲದ ತುಂಡು ತೆಗೆದುಕೊಂಡು, ಮೂಲೆಗೆ ಬರುವ ಅದರ ಎರಡು ಬದಿಯನ್ನು ಅರ್ಧ ಇಂಚು ಒಳಗೆ ಮಡಿಸಿ, ಮಡಿಕೆಗೆ ಮಡಿಕೆ ಕೂಡುವ ಹಾಗೆ ಹಾಸಿನ ಮೂಲೆಯ ಮೇಲಿಡಿ. ಉಳಿದೆರಡು ಬದಿಯನ್ನು ಮಡಿಸಬೇಡಿ. ಅಂಚಿನಿಂದ ಅಕ್ಕಿಕಾಳಿನಷ್ಟು ಒಳಗೆ ಸೂಜಿ ಹಾಕಿ ಎಲ್ಲ ಪದರವೂ ಸಿಗುವ ಹಾಗೆ ಓಡುಹೊಲಿಗೆ ಹಾಕುತ್ತ ಹೋಗಿ. ತುಂಡು ಮುಗಿಯಲು ಎರಡು ಬೆರಳು ಇರುವಾಗ ಮುಂದಿನ ತುಂಡಿನ ಬದಿ ಮಡಿಸಿ, ಹಿಂದಿನದರ ಹಸಿ ಅಂಚಿನ, ಅಂದರೆ ಮಡಿಸದೆ ಬಿಟ್ಟ ಬದಿಯ ಮೇಲೆ ಮುಕ್ಕಾಲು ಇಂಚು ಏರಿಸಿ ಇಡಿ. ಮೊದಲ ಸುತ್ತಿನ ತುಂಡುಗಳ ಒಳಬದಿ ಹಸಿಯಾಗಿಯೇ ಉಳಿಯುತ್ತದೆ. ಹೊಲಿಗೆಯ ಸಾಲುಗಳು ಅದರ ಹತ್ತಿರ ಬಂದಾಗ ಎರಡನೆಯ ಸುತ್ತಿನ ತುಂಡುಗಳ ಮಡಿಕೆ ಅದನ್ನು ಮುಚ್ಚುತ್ತದೆ. ಮುಕ್ಕಾಲಿನ ಬದಲು ಕಾಲು ಇಂಚು ಏರಿಸಿದರೆ ಮೊದಲ ಒಗೆತದಲ್ಲೇ ನೂಲು ಬಿಚ್ಚಿ ಬಾಯಿ ತೆರೆಯುತ್ತದೆ. ಕೌದಿ ಹರಿಯುವ ಕಾರಣಗಳಲ್ಲಿ ಹೆಚ್ಚಿನದು ಇದೇ.

ಮೂಲೆಯ ತುಂಡಿಗೂ ಮೊದಲು ಫೂಲ್ ಇಡಬೇಕು. ಫೂಲ್ ಎಂದರೆ ಹೂವು, ಕೌದಿಯ ನಾಲ್ಕು ಮೂಲೆಯಿಂದ ಹೊರಗೆ ಚಾಚುವ ತ್ರಿಕೋನ. ಅದಿಲ್ಲದ ಕೌದಿ ಬತ್ತಲೆ ಎನ್ನುತ್ತಾರೆ. ಒಂದು ಮೂಲೆಗೆ 5, 4, 3 ಇಂಚಿನ ಮೂರು ಚೌಕ ಕತ್ತರಿಸಿ, ಪ್ರತಿಯೊಂದನ್ನೂ ಕರ್ಣಕ್ಕೆ ಮಡಿಸಿ, ಮತ್ತೊಮ್ಮೆ ಮಡಿಸಿ. ದೊಡ್ಡದು ಕೆಳಗೆ, ಸಣ್ಣದು ಮೇಲೆ ಬರುವ ಹಾಗೆ ಒಂದರ ಮೇಲೊಂದು ಇಟ್ಟು, ಮೊನೆ ಹೊರಗೆ ಹಸಿ ಬದಿ ಒಳಗೆ ಮಾಡಿ, ಹಾಸು ಮತ್ತು ತೇಪೆಯ ನಡುವೆ ತೂರಿಸಬೇಕು. ಲೆಕ್ಕ ಹಾಕಿ ನೋಡಿ: ಒಂದು ಹೂವಿನ ದಳಕ್ಕೆ ನಾಲ್ಕು ಪದರ, ಮೂರಕ್ಕೆ ಹನ್ನೆರಡು, ಹಾಸಿನ ಮಡಿಕೆ ಎರಡು, ತೇಪೆಯ ಮಡಿಕೆ ಎರಡು. ಸೂಜಿ ಹದಿನಾರು ಪದರ ದಾಟಬೇಕು. ಸಣ್ಣ ಸೂಜಿ ಇಲ್ಲಿ ಬಾಗುತ್ತದೆ, ಇಲ್ಲವೇ ಕಣ್ಣಿನ ಕಡೆ ಮುರಿದು ಬೆರಳಿಗೆ ಹೋಗುತ್ತದೆ. ಈ ನಾಲ್ಕು ಜಾಗಕ್ಕೆ ದಪ್ಪ ಸೂಜಿ, ಬೆರಳಿಗೆ ಅಂಗುಸ್ತಾನ (ಲೋಹದ ಬೆರಳುಟೊಪ್ಪಿ), ಒಂದೊಂದೇ ಹೊಲಿಗೆಯನ್ನು ನೇರ ಚುಚ್ಚಿ ಆ ಕಡೆಯಿಂದ ಎಳೆಯುವ ತಾಳ್ಮೆ. ಒಂದೇ ಮೂಲೆಗೆ ಅರ್ಧ ಗಂಟೆ ಹಿಡಿಯಿತು. ಪೇಟೆಗೆಂದು ಬೇಗ ಬೇಗ ಹೊಲಿಯುವಾಗ ಮೊದಲು ಕೈಬಿಡುವುದು ಇದನ್ನೇ. ಕೌದಿ ಕೊಳ್ಳುವವರು ಬಣ್ಣ ನೋಡುವ ಮೊದಲು ಮೂಲೆ ನೋಡಿದರೆ ಒಳ್ಳೆಯದು.

ಇನ್ನು ಸಾಲುಗಳು. ಒಂದು ಸಾಲಿಗೂ ಇನ್ನೊಂದಕ್ಕೂ ಒಂದು ಬೆರಳಗಲ, ಒಂದೂವರೆ ಸೆಂಟಿಮೀಟರ್ ಎನ್ನಿ. ಐದಡಿ ಅಗಲದ ಕೌದಿಯಲ್ಲಿ ಅಂಚಿನಿಂದ ನಡುವಿಗೆ 75 ಸೆಂಟಿಮೀಟರ್, ಅಂದರೆ 50 ಸುತ್ತು. ಎಲ್ಲ ಸುತ್ತಿನ ಉದ್ದ ಕೂಡಿಸಿದರೆ ಸುಮಾರು 210 ಮೀಟರ್. ಇಂಚಿಗೆ ಮೂರು ಹೊಲಿಗೆಯಂತೆ ಇಡೀ ಕೌದಿಗೆ 25 ಸಾವಿರ ಹೊಲಿಗೆ. ದಾರ ಮೇಲೆ ಕೆಳಗೆ ಇಳಿದೇರುವುದರಿಂದ ಒಂಟಿ ಎಳೆಗೆ 260 ಮೀಟರ್ ಬೇಕು. ದಪ್ಪ ಬಿಳಿ ಹತ್ತಿ ದಾರವಾದರೆ ಒಂಟಿ ಎಳೆ ಸಾಕು. ತೆಳು ದಾರವಾದರೆ ಜೋಡಿ ಎಳೆ, ಆಗ ಅದರ ಇಮ್ಮಡಿ. ಒಂದು ಸಲಕ್ಕೆ ಸುಮಾರು ಒಂದೂವರೆ ಮೊಳ, 70 ಸೆಂಟಿಮೀಟರ್ ದಾರ ಮಾತ್ರ ಪೋಣಿಸಿ. ಉದ್ದ ಹಾಕಿದರೆ ಬೇಗ ಆಗುತ್ತದೆ ಎಂದು ತೋರುತ್ತದೆ, ಆದರೆ ಬಟ್ಟೆಯೊಳಗೆ ನೂರಾರು ಸಲ ತಿಕ್ಕಿ ದಾರದ ಕೊನೆ ನಯ ಕಳೆದುಕೊಂಡು ತುಂಡಾಗುತ್ತದೆ. ಹಾಗಾಗಿ ಸುಮಾರು 400 ಸಲ ಸೂಜಿಗೆ ದಾರ ಪೋಣಿಸಬೇಕು. ಕಣ್ಣು ಮಂಜಾದವರು ಹೊಲಿಯುವ ಮನೆಯಲ್ಲಿ ಪೋಣಿಸಿಕೊಡುವುದು ಮಕ್ಕಳ ಕೆಲಸ. ಹತ್ತು ಸೂಜಿಗೆ ಬೆಳಿಗ್ಗೆಯೇ ಪೋಣಿಸಿ ಕಂಬಕ್ಕೆ ಕಟ್ಟಿದ ಚಿಂದಿಗೆ ಚುಚ್ಚಿಟ್ಟರೆ ಕೂತಲ್ಲಿಂದ ಏಳಬೇಕಿಲ್ಲ.

ಕೈ ಪಳಗಿದವರು ಗಂಟೆಗೆ ಮೂರು ಮೀಟರ್ ಹೊಲಿಯುತ್ತಾರೆ. ಎಪ್ಪತ್ತು ಗಂಟೆಯ ಕೆಲಸ, ದಿನಕ್ಕೆ ಮೂರು ಗಂಟೆ ಕೂತರೆ ಮೂರೂವರೆ ವಾರ. ಜಗಲಿಯಲ್ಲಿ ಕೂತೇ ಹೊಲಿಯಬೇಕು; ಮೇಜು, ಚೌಕಟ್ಟು ಏನೂ ಬೇಡ, ಗಾಳಿಗೆ ಹಾರದ ಹಾಗೆ ಮೂರ್ನಾಲ್ಕು ಕಲ್ಲು ಸಾಕು. ಬಲಗೈಯವರಿಗೆ ಬಲದಿಂದ ಎಡಕ್ಕೆ ಸುಲಭ. ಯಾವ ಕಡೆಗೆ ಸುತ್ತಲು ಶುರು ಮಾಡಿದಿರೋ ಕೊನೆಯವರೆಗೂ ಅದೇ ಕಡೆ. ಇಬ್ಬರು ಕೂತು ಎದುರುಬದುರು ದಿಕ್ಕಿನಲ್ಲಿ ಹೊಲಿದರೆ ಬಟ್ಟೆ ಎರಡೂ ಕಡೆಯಿಂದ ತಳ್ಳಿಸಿಕೊಂಡು, ಅವರು ಕೂಡುವಲ್ಲಿ ಮಡಿಕೆ ಬೀಳುತ್ತದೆ.

ನಡುವಿನ ಉಬ್ಬು ಎಲ್ಲ ಹೊಸಬರ ಶತ್ರು. ಪ್ರತಿ ಸಾಲೂ ಹಾಸಿನ ಸಡಿಲವನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳುತ್ತದೆ. ಐವತ್ತು ಸುತ್ತು ಬಂದಾಗ ಆ ಕೂದಲೆಳೆಗಳೆಲ್ಲ ಕೂಡಿ ನಡುವೆ ಬುಟ್ಟಿ ಕವಿಚಿದ ಹಾಗೆ ಏಳುತ್ತದೆ. ಮೂವತ್ತನೆಯ ಸುತ್ತಿನಲ್ಲಿ ನಮಗೆ ಅದು ಕಾಣಿಸಿತು. ಆಗಲೂ ದಾರಿ ಇದೆ: ಹಾಸನ್ನು ತಿರುಗಿಸಿ ಕೆಳಮುಖ ನೋಡಿ, ಸಡಿಲ ಬಟ್ಟೆಯನ್ನು ಒಂದೇ ಕಡೆ ಸೇರಿಸಿ, ಅರ್ಧ ಇಂಚಿನ ಒಂದು ಮಡಿಕೆ ಹಾಕಿ, ಮೇಲಿನ ಸಾಲು ಅದರ ಮೇಲೆ ಹಾದುಹೋಗುವಂತೆ ಮಾಡಿ. ಬಿಚ್ಚುವುದಕ್ಕಿಂತ ಇದು ಮೇಲು. ಬರದ ಹಾಗೆ ನೋಡಿಕೊಳ್ಳಲು ಪ್ರತಿ ಹತ್ತು ಸುತ್ತಿಗೊಮ್ಮೆ ಕೌದಿಯನ್ನು ನೆಲಕ್ಕೆ ಹಾಸಿ, ನಡುವಿನಿಂದ ಅಂಚಿಗೆ ಅಂಗೈ ಒತ್ತಿ ಸವರಬೇಕು. ದಾರವನ್ನು ಬಿಗಿದು ಎಳೆಯಬಾರದು. ಎಳೆದ ಮೇಲೆ ಸಾಲಿನ ಕೆಳಗೆ ಉಗುರು ತೂರುವಷ್ಟು ಸಡಿಲ ಇರಬೇಕು. ಒಗೆದಾಗ ಹತ್ತಿ ಕುಗ್ಗಿ ಆ ಸಡಿಲವನ್ನು ತಾನೇ ತೆಗೆದುಕೊಳ್ಳುತ್ತದೆ. ಆಗಲೇ ಮೈಮೇಲೆ ಅಲೆಅಲೆ ಏಳುವುದು, ಹೊದ್ದರೆ ಬೆಚ್ಚಗಾಗುವುದು.

ಯಾವ ಬಟ್ಟೆ ಎಲ್ಲಿ ಎಂಬುದಕ್ಕೆ ಬರೆದಿಟ್ಟ ನಿಯಮ ಇಲ್ಲ. ಗಟ್ಟಿ ಲುಂಗಿ ಅಂಚಿಗೆ ಹೋಯಿತು, ಹೊದ್ದವರು ಹಿಡಿದೆಳೆಯುವುದು ಅಂಚನ್ನೇ. ಬಿಳಿ ಅಂಗಿಯ ಜೇಬನ್ನು ಹಾಗೇ ಇಡೀ ತೆಗೆದು ಎರಡನೆಯ ಸುತ್ತಿಗೆ ಹಾಕಿದೆವು, ಬಾಯಿ ಹೊಲಿಯಲಿಲ್ಲ. ಕೆಂಪು ಅಂಗಿ ಇಡೀ ತೇಪೆಗೆ ಸಾಲದ್ದರಿಂದ ಬೆರಳಗಲದ ಚೌಕಗಳಾಗಿ, ದೊಡ್ಡ ತುಂಡುಗಳ ಮೇಲೆ ಟಿಕೆಲಿಯಾಯಿತು. ಟಿಕೆಲಿ ಎಂದರೆ ಹಣೆಗಿಟ್ಟ ಬೊಟ್ಟಿನ ಹಾಗೆ ಮೇಲೆ ಕೂರಿಸುವ ಚಿಕ್ಕ ತುಂಡು. ದೂರದಿಂದ ಕೌದಿಗೆ ಕಳೆ ಕೊಡುವುದು ಅದೇ.

ಇಂಥ ಹೊಲಿಗೆಯನ್ನು ನೋಡಿದ ಕೂಡಲೇ ಅಮೆರಿಕದ ಕಪ್ಪು ಹೆಂಗಸರ ಕೌದಿಗೆ ಹೋಲಿಸುವುದು ಈಗ ರೂಢಿಯಾಗಿದೆ. ಹೋಲಿಕೆ ಕಣ್ಣಿಗೆ ಇದೆ, ನಿಜ. ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಮಿಸೌರಿ ಪೆಟ್‌ವೇ ತೀರಿಹೋದ ಗಂಡನ ಕೆಲಸದ ಬಟ್ಟೆಯಲ್ಲಿ 1942ರಲ್ಲಿ ಹೊಲಿದ ಕೌದಿ ಇಂದು ಹೆಸರಾಂತದ್ದು. ಸವೆದ ಮೊಣಕಾಲಿನ ಗುರುತು, ಜೇಬು ಕಿತ್ತ ಜಾಗದ ಗಾಢ ಬಣ್ಣ ಅದರಲ್ಲಿ ಹಾಗೇ ಉಳಿದಿವೆ. ಆದರೆ ಅಲ್ಲಿ ಮೇಲ್ಹಾಸು ಬೇರೆ ಜೋಡಿಸಿ, ನಡುವೆ ಅರಳೆ ಇಟ್ಟು ಹೊಲಿಯುವುದು ರೂಢಿ. ಇಲ್ಲಿನ ಅಂಚಿನಿಂದ ಒಳಗೆ ಸುತ್ತುವ ಹೊಲಿಗೆಯ ದಾರಿಯೇ ಬೇರೆ. ಎರಡಕ್ಕೂ ಆಫ್ರಿಕಾದ ಒಂದೇ ಬೇರು ಎಂದು ಬರೆದುಬಿಡುವುದು ಸುಲಭ. ಪಕ್ಕದ ಮನೆಯ ಮರಾಠಿ, ಲಂಬಾಣಿ, ಲಿಂಗಾಯತ ಹೆಂಗಸರೂ ಹಳೆ ಸೀರೆಯನ್ನೇ ಹೊಲಿಯುತ್ತಾರೆ ಎಂಬುದನ್ನು ಮರೆತರೆ ಮಾತ್ರ. ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಸಿದ್ದಿ ಕೌದಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರಿ ಶುರುವಾಯಿತು, 2011ರಲ್ಲಿ ಅಮೆರಿಕದಲ್ಲಿ ಪ್ರದರ್ಶನವೂ ಆಯಿತು. ಅಲ್ಲಿ ಗೋಡೆಗೆ ತೂಗುಹಾಕಿದ್ದು ಇಲ್ಲಿ ಮಡಿಸಿ ಪೇರಿಸುವ ವಸ್ತು. ಪೇರಿಕೆ ಎಷ್ಟು ಎತ್ತರ ಎಂಬುದರಲ್ಲಿ ಆ ಮನೆಯ ಹೆಂಗಸಿನ ದುಡಿಮೆ ಅಳೆಯುತ್ತಾರೆ.

ಐವತ್ತು ಸುತ್ತು ಮುಗಿಯುವ ಹೊತ್ತಿಗೆ ನಡುವೆ ಒಂದು ಉದ್ದನೆಯ ಕಂಡಿ ಉಳಿಯಿತು. ಕೌದಿ ಚೌಕವಲ್ಲದ್ದರಿಂದ ಕಂಡಿ ಸುಮಾರು ಎರಡಡಿ ಉದ್ದ ಇರುತ್ತದೆ. ಅದನ್ನು ಎರಡು ಕೊನೆಯಿಂದ ಮುಚ್ಚುತ್ತ ಬಂದು, ಅಂಗೈಯಷ್ಟು ಜಾಗ ಬಿಟ್ಟು ನಿಲ್ಲಿಸಬೇಕು. ಇದು ಕೌದಿಯ ಹೊಟ್ಟೆ. ಹೊಟ್ಟೆ ಖಾಲಿ ಬಿಟ್ಟು ಹೊಲಿಯುವಂತಿಲ್ಲ, ಅಕ್ಕಿ ಹಾಕಬೇಕು. ಬಯಲುಸೀಮೆಯ ಕೌದಿಗೆ ಕೆಲವೆಡೆ ರೊಟ್ಟಿಯ ಚೂರು ಇಡುವುದುಂಟು. ಹಿಡಿ ಅಕ್ಕಿ ಹಾಕಿದರೆ ಒಗೆದಾಗ ಹಿಟ್ಟಾಗಿ ಹುಳಿತು ವಾಸನೆ ಬರುತ್ತದೆ, ಇರುವೆ, ಹುಳ ಸೇರುತ್ತವೆ. ಒಣ ಅಕ್ಕಿ, ಮೂರು ಬೆರಳಿಗೆ ಸಿಕ್ಕಷ್ಟು ಸಾಕು.

ಹಸಿರು ರವಿಕೆ ಅಲ್ಲಿಯವರೆಗೂ ಬುಟ್ಟಿಯಲ್ಲೇ ಇತ್ತು. ಅದರ ಬೆನ್ನಿನ ತುಂಡು ಅಂಗೈ ಅಗಲಕ್ಕೆ ಸರಿಯಾಗಿ ಬಂತು. ನಾಲ್ಕೂ ಬದಿ ಮಡಿಸಬೇಕಾದ ತೇಪೆ ಇದೊಂದೇ. ಮನೆಯ ಹಿರಿ ಹೆಂಗಸು ಅಕ್ಕಿ ಹಾಕಿದರು, ತೇಪೆ ಇಟ್ಟರು, ಅಂಚಿನಿಂದ ಬಂದ ಸಾಲನ್ನೇ ಮುಂದುವರಿಸಿ ನಾಲ್ಕು ಸುತ್ತು ಹೊಲಿದು ಗಂಟನ್ನು ಪದರದೊಳಗೆ ಎಳೆದರು. ಗಂಟು ಮೇಲೆ ಉಳಿದರೆ ಮಲಗಿದಾಗ ಬೆನ್ನಿಗೆ ಒತ್ತುತ್ತದೆ.

ಮುಗಿದ ಕೌದಿಯ ತೂಕ ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ನೆನೆದರೆ ಅದರ ಎರಡು ಮೂರು ಪಟ್ಟು. ಹಿಂಡಬೇಡಿ, ತಿರುಚಿದರೆ ಸಾಲು ಕಡಿಯುತ್ತದೆ. ಕಲ್ಲಿನ ಮೇಲೆ ಹಾಕಿ ಕಾಲಲ್ಲಿ ತುಳಿದು ನೀರು ಇಳಿಸಿ, ಒಂದೇ ಹಗ್ಗಕ್ಕೆ ತೂಗದೆ ಬೇಲಿಯ ಮೇಲೆ ಅಡ್ಡ ಹರವಿ. ಹರಿದರೆ ಹಳೆಯ ತೇಪೆ ಬಿಚ್ಚುವ ಗೋಜಿಗೆ ಹೋಗಬೇಡಿ; ಅದರ ಮೇಲೇ ಹೊಸದನ್ನು, ಸುತ್ತ ಒಂದು ಇಂಚು ಗಟ್ಟಿ ಬಟ್ಟೆ ಸಿಗುವಷ್ಟು ದೊಡ್ಡದಾಗಿ ಹಾಕಿ. ಇಡೀ ಕೌದಿ ಸವೆದ ದಿನ ಅದನ್ನು ಬಿಸಾಡುವುದಿಲ್ಲ. ಮುಂದಿನ ಕೌದಿಯ ಒಳಪದರಕ್ಕೆ ಅದು ಹಾಗೇ ಇಡಿಯಾಗಿ ಹೋಗುತ್ತದೆ. ಆಗ ಫೂಲ್‌ಗಳನ್ನು ಮಾತ್ರ ಬಿಡಿಸಿ ತೆಗೆಯಬೇಕು, ಇಲ್ಲದಿದ್ದರೆ ಹೊಸ ಮೂಲೆಗೆ ಸೂಜಿ ಇಳಿಯುವುದಿಲ್ಲ.